24 ವರ್ಷ ನೌಕರಿ, 53 ವರ್ಷ ನಿವೃತ್ತಿ: ಸರ್ ಎಂ.ವಿ. ಬದುಕಿನಲ್ಲಿ ಯಾರೂ ಫಾರ್ವರ್ಡ್ ಮಾಡದ ಲೆಕ್ಕ

ಸೆಪ್ಟೆಂಬರ್ 15 ಬಂತೆಂದರೆ ರಾಜಾಜಿನಗರದ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಬೆಳಗ್ಗೆ ಆರಕ್ಕೇ ಪೇಟ ಧರಿಸಿದ ಆ ಫೋಟೊ ಬಂದು ಕೂರುತ್ತದೆ. ಅದರ ಹಿಂದೆಯೇ ಎರಡು ಮೇಣದಬತ್ತಿಯ ಕಥೆ. ಸರ್ಕಾರಿ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಬತ್ತಿ. ಮಧ್ಯಾಹ್ನದ ಹೊತ್ತಿಗೆ, ರೈಲಿನ ಸದ್ದು ಕೇಳಿಯೇ ಮುಂದೆ ಹಳಿ ಮುರಿದಿದೆ ಎಂದು ಪತ್ತೆ ಹಚ್ಚಿದ ಕಥೆ. ಅಂದಹಾಗೆ, ದೀಪ ಬದಲಾಯಿಸುವ ಇದೇ ಕಥೆ ಚಾಣಕ್ಯನ ಹೆಸರಿನಲ್ಲೂ ಇದೆ, 8ನೇ ಶತಮಾನದ ಖಲೀಫ ಉಮರ್ ಬಿನ್ ಅಬ್ದುಲ್ ಅಜೀಜ್ ಹೆಸರಿನಲ್ಲೂ ಇದೆ. ಪ್ರಾಮಾಣಿಕ ಅಧಿಕಾರಿ ಎಂದು ಹೆಸರಾದ ಯಾರಿಗಾದರೂ ಅಂಟಿಕೊಳ್ಳುವ ಕಥೆ ಅದು. ಹಾಗಾಗಿ ಹಂಚುವ ಮೊದಲು ಸ್ವಲ್ಪ ತಡೆಯಿರಿ.

ಅದೇ ಗುಂಪಿನಲ್ಲಿ ತಿಂಗಳಿಗೊಮ್ಮೆಯಾದರೂ ನಡೆಯುವ ಇನ್ನೊಂದು ಜಗಳವಿದೆ: ಹಳೆ ಪಿಂಚಣಿ ಮತ್ತೆ ಬರಬೇಕೋ ಬೇಡವೋ. ಅರ್ಧ ಸಂಬಳ ಪಿಂಚಣಿಯಾಗಿ ಬರುತ್ತಿರುವ ನಿವೃತ್ತ ಮೇಷ್ಟ್ರು ಒಂದು ಕಡೆ. 2008ರಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿ, ಮುಂದೆ ಎಷ್ಟು ಸಿಗುತ್ತದೋ ಎಂದು ಮಾರುಕಟ್ಟೆ ನೋಡುತ್ತ ಕೂತಿರುವ ಅವರ ಮಗಳು ಇನ್ನೊಂದು ಕಡೆ. ಇಬ್ಬರ ಮಾತನ್ನೂ ಓದಿ ಸುಮ್ಮನಿರುವವರು ಮೂರನೆಯವರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ಈಗ ತಿಂಗಳಿಗೆ ಎರಡು ಸಾವಿರ ಚಿಲ್ಲರೆ ಪಡೆಯುತ್ತಿರುವವರು.

ಈ ಜಗಳಕ್ಕೆ ಬೇಕಾದ ಲೆಕ್ಕ ಬೆಳಗಿನ ಆ ಫೋಟೊದಲ್ಲೇ ಇದೆ. ವಿಶ್ವೇಶ್ವರಯ್ಯನವರು ಪಿಂಚಣಿದಾರರಾಗಿದ್ದರು. ನೌಕರಿಯಲ್ಲಿದ್ದ ಕಾಲದ ಎರಡರಷ್ಟಕ್ಕೂ ಹೆಚ್ಚು ಕಾಲ ಅವರು ಆ ನೌಕರಿಯಿಂದ ನಿವೃತ್ತರಾಗಿ ಬದುಕಿದ್ದರು.

ನಲವತ್ತೆಂಟಕ್ಕೇ ನಿವೃತ್ತಿ

ಹುಟ್ಟಿದ್ದು 1860ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಕೆಲವು ದಾಖಲೆಗಳಲ್ಲಿ 1861 ಎಂದಿದೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗ ಇನ್ನೂ ಶಾಲೆಯಲ್ಲಿರುವಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆ ಸಿಕ್ಕಿತು. ಬೇರೆಯವರ ಮಕ್ಕಳಿಗೆ ಮನೆಪಾಠ ಹೇಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದರು. ಮರುವರ್ಷವೇ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಕೆಲಸ ಸಿಕ್ಕಿತು.

ಅಲ್ಲಿನ ಕೆಲಸಗಳ ಪಟ್ಟಿ ಉದ್ದವಿದೆ. ಸಿಂಧ್‌ನ ಸಕ್ಕರ್ ಊರಿಗೆ ನದಿ ನೀರು ಶುದ್ಧ ಮಾಡಿ ಕೊಟ್ಟದ್ದು, ಪುಣೆ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲು ಕೂರಿಸಿದ್ದು, ಏಡನ್ ಬಂದರಿನ ನೀರು ಮತ್ತು ಚರಂಡಿ ವ್ಯವಸ್ಥೆಗೆ ಸಲಹೆ ಕೊಟ್ಟದ್ದು. ಎಷ್ಟೋ ಹಿರಿಯರನ್ನು ದಾಟಿ ಬಡ್ತಿ ಸಿಕ್ಕಿತ್ತು. ಆದರೆ ಪ್ರಾಂತ್ಯದ ಮುಖ್ಯ ಎಂಜಿನಿಯರ್ ಹುದ್ದೆ ಆ ಕಾಲದಲ್ಲಿ ಭಾರತೀಯರ ಕೈಗೆ ಎಟುಕುವಂಥದ್ದಾಗಿರಲಿಲ್ಲ. 1908ರಲ್ಲಿ ಅವರು ತಾವಾಗಿ ಸೇವೆ ಬಿಡಲು ನಿರ್ಧರಿಸಿದರು. ವಯಸ್ಸು ಆಗ ಸುಮಾರು 48.

ಇಲ್ಲೊಂದು ತೊಡಕಿತ್ತು. ಪಿಂಚಣಿಗೆ ಬೇಕಿದ್ದ 25 ವರ್ಷದ ಸೇವೆ ಅವರಿಗೆ ತುಂಬಿರಲಿಲ್ಲ. ಬೊಂಬಾಯಿ ಸರ್ಕಾರ ಅವರ ಕೆಲಸ ನೋಡಿ, ವಿಶೇಷ ಪ್ರಕರಣವೆಂದು ಪಿಂಚಣಿ ಮಂಜೂರು ಮಾಡಿತು. ಇದರಲ್ಲಿ ತಪ್ಪೇನೂ ಕಾಣುವುದಿಲ್ಲ; ಅರ್ಹರೊಬ್ಬರಿಗೆ ಸರ್ಕಾರ ತೋರಿದ ಮರ್ಯಾದೆ. ಆದರೆ ಹೀಗೆ ಸಡಿಲಿಕೆ ಕೊಡುವವರಿಗೆ, ಅದನ್ನು ಎಷ್ಟು ವರ್ಷ ಕೊಡಬೇಕಾಗುತ್ತದೆ ಎಂಬುದು ಸಹಿ ಹಾಕುವ ದಿನ ಗೊತ್ತಿರುವುದಿಲ್ಲ. ಈ ಪಿಂಚಣಿದಾರರು ತೀರಿಕೊಂಡದ್ದು 1962ರ ಏಪ್ರಿಲ್ 14ರಂದು. 1909ರಿಂದ ಎಣಿಸಿದರೂ 53 ವರ್ಷ. ಅಷ್ಟರಲ್ಲಿ ಬ್ರಿಟಿಷರು ಹೋಗಿದ್ದರು, ಬೊಂಬಾಯಿ ಪ್ರಾಂತ್ಯವೇ ಇರಲಿಲ್ಲ, ಅದರ ನಂತರ ಬಂದ ಬೊಂಬಾಯಿ ರಾಜ್ಯವೂ 1960ರಲ್ಲಿ ಮಹಾರಾಷ್ಟ್ರ, ಗುಜರಾತ್ ಎಂದು ಒಡೆದಿತ್ತು.

ಈಗ ಲೆಕ್ಕ ಮಾಡೋಣ. ಕೂಡಿಟ್ಟ ಹಣಕ್ಕೆ ಬರುವ ಬಡ್ಡಿಯೂ ಸಂಬಳ ಮತ್ತು ಪಿಂಚಣಿ ಏರುವ ವೇಗವೂ ಒಂದೇ ಎಂದಿಟ್ಟುಕೊಳ್ಳಿ. ಆಗ ಎರಡನ್ನೂ ಬದಿಗಿಟ್ಟು ವರ್ಷಗಳನ್ನಷ್ಟೇ ಎಣಿಸಿದರೆ ಸಾಕು. ಒಬ್ಬರು 30 ವರ್ಷ ದುಡಿದು, ಆಮೇಲೆ 20 ವರ್ಷ ಅರ್ಧ ಸಂಬಳವನ್ನು ಪಿಂಚಣಿಯಾಗಿ ಪಡೆದರು. ಅದಕ್ಕೆ ಬೇಕಾದದ್ದು 10 ವರ್ಷದ ಪೂರ್ತಿ ಸಂಬಳ. 30 ವರ್ಷಕ್ಕೆ ಹಂಚಿದರೆ ಪ್ರತಿ ತಿಂಗಳು ಸಂಬಳದ ಮೂರನೇ ಒಂದು ಭಾಗವನ್ನು ಯಾರಾದರೂ ಎತ್ತಿಡಬೇಕು. ಅದನ್ನೇ ವಿಶ್ವೇಶ್ವರಯ್ಯನವರಿಗೆ ಹಾಕಿ ನೋಡಿ. 53 ವರ್ಷ ಅರ್ಧ ಸಂಬಳ ಎಂದರೆ 26 ವರ್ಷ 6 ತಿಂಗಳ ಪೂರ್ತಿ ಸಂಬಳ. ದುಡಿದದ್ದು ಸುಮಾರು 24 ವರ್ಷ. ಒಂದು ರೂಪಾಯಿಯನ್ನೂ ಖರ್ಚು ಮಾಡದೆ ಇಡೀ ಸಂಬಳ ಕೂಡಿಟ್ಟಿದ್ದರೂ ಸಾಲುತ್ತಿರಲಿಲ್ಲ.

ಹಾಗಾದರೆ ಸರ್ಕಾರ ಮುಳುಗಲಿಲ್ಲವೇಕೆ? ಒಂದು ಕಾರಣ, ಎಲ್ಲರೂ ನೂರು ದಾಟುವುದಿಲ್ಲ. ಪಿಂಚಣಿ ಎನ್ನುವುದು ದೊಡ್ಡ ಕೂಡುಕುಟುಂಬದ ಅಡುಗೆಯ ಹಾಗೆ. ಬೇಗ ಎದ್ದು ಹೋದವರ ಪಾಲು ತಡವಾಗಿ ಕೂತವರಿಗೆ ಸಿಗುತ್ತದೆ. ಎಷ್ಟು ವರ್ಷ ಬದುಕುತ್ತೇವೆ ಎನ್ನುವುದು ಒಬ್ಬೊಬ್ಬರಿಗೆ ಗೊತ್ತಾಗದ ವಿಷಯ, ಆದರೆ ಲಕ್ಷ ಜನರ ಸರಾಸರಿಯನ್ನು ಸಾಕಷ್ಟು ನಿಖರವಾಗಿ ಅಂದಾಜು ಮಾಡಬಹುದು. ಒಬ್ಬ ಎಂ.ವಿ. ಶತಾಯುಷಿಯಾದರೆ ಖಜಾನೆಗೆ ಏನೂ ಆಗುವುದಿಲ್ಲ. ಸರಾಸರಿಯೇ ಎರಡು ವರ್ಷ ಮುಂದೆ ಸರಿದರೆ ಆಗುತ್ತದೆ.

ಇನ್ನೊಂದು ಕಾರಣವನ್ನು ನಾವು ಮರೆತೇಬಿಟ್ಟಿದ್ದೇವೆ. ಆ ಕಾಲದ ಪಿಂಚಣಿ ರೂಪಾಯಿ ಲೆಕ್ಕದಲ್ಲಿ ನಿಂತಲ್ಲೇ ನಿಲ್ಲುತ್ತಿತ್ತು. ಬೆಲೆ ಏರಿದಂತೆ ತಾನಾಗಿ ಏರುವ ತುಟ್ಟಿಭತ್ಯೆಯ ವ್ಯವಸ್ಥೆ ಇರಲಿಲ್ಲ. ಮಧ್ಯೆ ಎರಡು ಮಹಾಯುದ್ಧಗಳು ನಡೆದು, ಅಕ್ಕಿ ಬೇಳೆಯ ಬೆಲೆ ಎಲ್ಲಿಂದ ಎಲ್ಲಿಗೋ ಹೋಯಿತು. ದೀರ್ಘಾಯುಷ್ಯದ ಭಾರ ಖಜಾನೆಯ ಮೇಲೆ ಬಿದ್ದರೆ, ಬೆಲೆಯೇರಿಕೆಯ ಭಾರ ಪಿಂಚಣಿದಾರರ ಮೇಲೆ ಬೀಳುತ್ತಿತ್ತು. ಇಂದಿನ ಸರ್ಕಾರಿ ಪಿಂಚಣಿಯಲ್ಲಿ ಎರಡೂ ಖಜಾನೆಯ ಮೇಲಿವೆ. ಕೇಂದ್ರ ಸರ್ಕಾರದ ನಿವೃತ್ತರಿಗಂತೂ 80 ದಾಟಿದರೆ ಮೂಲ ಪಿಂಚಣಿಯ ಶೇ 20 ಹೆಚ್ಚುವರಿ ಸಿಗುತ್ತದೆ. ಅದು ಏರುತ್ತ ಹೋಗಿ 100 ತುಂಬಿದಾಗ ಶೇ 100, ಅಂದರೆ ಮೂಲ ಪಿಂಚಣಿ ಎರಡರಷ್ಟು. ಎಂ.ವಿ. ಕಾಲಕ್ಕೆ ಇಂಥ ನಿಯಮ ಇರಲಿಲ್ಲ.

ಆಗ ಎಲ್ಲರೂ ಬೇಗ ಸಾಯುತ್ತಿದ್ದರೇ?

ಪಿಂಚಣಿ ಕುರಿತ ಫಾರ್ವರ್ಡ್‌ಗಳಲ್ಲಿ ತಪ್ಪದೆ ಬರುವ ಒಂದು ವಾದ ಇದು: ಹಿಂದೆ ಜನ ಮೂವತ್ತಕ್ಕೇ ಸಾಯುತ್ತಿದ್ದರು, ಅದಕ್ಕೇ ಪಿಂಚಣಿ ಕೊಡುವುದು ಸುಲಭವಿತ್ತು. ಅರ್ಧ ಸರಿ, ಅರ್ಧ ತಪ್ಪು. ಎಂ.ವಿ. ನಿವೃತ್ತರಾದ ದಶಕದಲ್ಲಿ ಭಾರತದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಷ್ಯ ಸುಮಾರು 23 ವರ್ಷ ಎಂಬುದು ನಿಜ. ಆದರೆ ಆ ಸರಾಸರಿ ಅಷ್ಟು ಕೆಳಗಿಳಿದದ್ದಕ್ಕೆ ದೊಡ್ಡ ಕಾರಣ ಹಸುಗೂಸುಗಳ, ಚಿಕ್ಕ ಮಕ್ಕಳ ಸಾವು. ಪ್ಲೇಗ್, ಕಾಲರಾ, ಮಲೇರಿಯಾ ದಾಟಿ 55 ಮುಟ್ಟಿದವರು ಮರುದಿನವೇ ಸಾಯುತ್ತಿರಲಿಲ್ಲ, ಇನ್ನೂ ಹಲವು ವರ್ಷ ಬದುಕುತ್ತಿದ್ದರು. ಪಿಂಚಣಿಗೆ ಬೇಕಾದ ಅಂಕಿ ಹುಟ್ಟಿನಿಂದ ಎಣಿಸುವ ಆಯುಷ್ಯವಲ್ಲ. ನಿವೃತ್ತಿಯ ದಿನದಿಂದ ಮುಂದೆ ಎಷ್ಟು ವರ್ಷ ಎನ್ನುವುದು ಮುಖ್ಯ. ಈಗ ದೇಶದಲ್ಲಿ 60 ತಲುಪಿದವರು ಸರಾಸರಿ ಇನ್ನೂ ಸುಮಾರು 18 ವರ್ಷ ಬದುಕುತ್ತಾರೆ. ಪಿಂಚಣಿದಾರರ ನಂತರ ಹೆಂಡತಿಗೋ ಗಂಡನಿಗೋ ಕುಟುಂಬ ಪಿಂಚಣಿ ಮುಂದುವರಿಯುವುದರಿಂದ ಖಜಾನೆಯ ಲೆಕ್ಕ ಅಲ್ಲಿಗೂ ಮುಗಿಯುವುದಿಲ್ಲ.

ಇದರ ಜೊತೆಗೇ ಸುತ್ತುವ ಇನ್ನೊಂದು ಕಥೆ ಜರ್ಮನಿಯದು. ಬಿಸ್ಮಾರ್ಕ್ 65ಕ್ಕೆ ಪಿಂಚಣಿ ಇಟ್ಟದ್ದೇ ಅಷ್ಟರೊಳಗೆ ಎಲ್ಲರೂ ಸಾಯಲಿ ಎಂದು, ಅಂತ. 1889ರ ಆ ಕಾಯ್ದೆಯಲ್ಲಿದ್ದದ್ದು 65 ಅಲ್ಲ, 70. ಅದು 65ಕ್ಕೆ ಇಳಿದದ್ದು 1916ರಲ್ಲಿ. ಬಿಸ್ಮಾರ್ಕ್ ತೀರಿಕೊಂಡು ಅಷ್ಟರಲ್ಲಿ 18 ವರ್ಷವಾಗಿತ್ತು.

ಜರ್ಮನಿಯವರೆಗೆ ಹೋಗಬೇಕಾಗಿಯೂ ಇಲ್ಲ. ಬಿಸ್ಮಾರ್ಕನ ಕಾಯ್ದೆಗೆ ಎರಡು ವರ್ಷ ತುಂಬುವ ಹೊತ್ತಿಗೆ, 1891ರಲ್ಲಿ, ಮೈಸೂರು ಸಂಸ್ಥಾನ ತನ್ನ ನೌಕರರಿಗೆ ಕಡ್ಡಾಯ ಜೀವವಿಮೆ ತಂದಿತ್ತು. ಆಗ ದಿವಾನರು ಕೆ. ಶೇಷಾದ್ರಿ ಅಯ್ಯರ್. ಪ್ರತಿ ತಿಂಗಳ ಸಂಬಳದಲ್ಲಿ ಒಂದು ಪಾಲು ಕಡಿತವಾಗಿ ನಿಧಿಗೆ ಸೇರುತ್ತಿತ್ತು. ನೀವು ರಾಜ್ಯ ಸರ್ಕಾರಿ ನೌಕರರಾದರೆ ಅದೇ ಕಡಿತ ಇವತ್ತೂ ನಿಮ್ಮ ಸಂಬಳದ ಚೀಟಿಯಲ್ಲಿ ಕೆಜಿಐಡಿ ಎಂಬ ಹೆಸರಿನಲ್ಲಿದೆ. ವಿಮೆ ಮತ್ತು ಪಿಂಚಣಿ ಒಂದೇ ನಾಣ್ಯದ ಎರಡು ಮುಖ. ಜನ ಬೇಗ ಸತ್ತರೆ ವಿಮೆಗೆ ನಷ್ಟ, ಬಹುಕಾಲ ಬದುಕಿದರೆ ಪಿಂಚಣಿಗೆ ನಷ್ಟ. ವಿಮೆಯಲ್ಲಿ ಹಣ ಮೊದಲೇ ಎತ್ತಿಡಬೇಕು ಎಂಬ ಶಿಸ್ತು ಸಂಸ್ಥಾನಕ್ಕೆ 130 ವರ್ಷಗಳ ಹಿಂದೆಯೇ ಗೊತ್ತಿತ್ತು. ಪಿಂಚಣಿಗೆ ಮಾತ್ರ ಅದು ಅನ್ವಯವಾಗಲಿಲ್ಲ. ಅಂದಿನ ಪಿಂಚಣಿಯನ್ನು ಅಂದಿನ ತೆರಿಗೆಯಿಂದಲೇ ಕೊಡುವ ಪದ್ಧತಿ ನಡೆದು ಬಂತು.

ನಿವೃತ್ತರ ಎರಡನೇ ಬದುಕು

ಬೊಂಬಾಯಿಯ ಖಜಾನೆಗೆ ಅವರು ನಿವೃತ್ತರು. ಉಳಿದವರಿಗೆ ಗೊತ್ತಿರುವ ವಿಶ್ವೇಶ್ವರಯ್ಯ ಇನ್ನೂ ಶುರುವಾಗಿಯೇ ಇರಲಿಲ್ಲ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಕೊಚ್ಚಿಹೋದಾಗ ನಿಜಾಮರಿಂದ ಕರೆ ಬಂತು. ಮರುವರ್ಷ ಅಲ್ಲಿ ಪ್ರವಾಹ ತಡೆಯ ಯೋಜನೆ ಮಾಡಿಕೊಟ್ಟು, ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರು. 1912ರಿಂದ 1918ರವರೆಗೆ ದಿವಾನಗಿರಿ. ಮೈಸೂರು ಬ್ಯಾಂಕು 1913ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಮೀಸಲು ಕೊಡುವ ವಿಷಯದಲ್ಲಿ ಮಹಾರಾಜರೊಂದಿಗೆ ಭಿನ್ನಾಭಿಪ್ರಾಯ ಬಂದು ದಿವಾನಗಿರಿ ಬಿಟ್ಟರು. ಆ ವಿಷಯದಲ್ಲಿ ಕಾಲ ಮಹಾರಾಜರ ಕಡೆಗಿತ್ತು ಎಂದೇ ನನಗನ್ನಿಸುತ್ತದೆ. ಫಾರ್ವರ್ಡ್‌ಗಳಲ್ಲಿ ಈ ಭಾಗ ಬರುವುದಿಲ್ಲ.

ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸೋಪಿನ ಕಾರ್ಖಾನೆಯೂ ಹುಟ್ಟಿತು. 1957ರಲ್ಲಿ ಅದು ರಾಜಾಜಿನಗರ ಕೈಗಾರಿಕಾ ಬಡಾವಣೆಗೆ ಬಂತು. ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂದು ಮೆಟ್ರೊದಲ್ಲಿ ಕೂಗುವಾಗ ಕೇಳಿಸುವುದು ಅದೇ. ಆ ಸುತ್ತಿನ ಕಾರ್ಖಾನೆಗಳು, ಗಿರಣಿಗಳು, ವರ್ಕ್‌ಶಾಪುಗಳಿಂದಲೇ ಪಶ್ಚಿಮ ಬೆಂಗಳೂರಿನ ಸಾವಿರಾರು ಮನೆಗಳಲ್ಲಿ ಒಲೆ ಉರಿದದ್ದು. ಖಾಸಗಿ ಕಾರ್ಖಾನೆಗಳ ಕಾರ್ಮಿಕರಿಗೆ 1952ರ ಭವಿಷ್ಯ ನಿಧಿ ಕಾಯ್ದೆ ಬಂತು, 1995ರಲ್ಲಿ ಅದಕ್ಕೆ ಪಿಂಚಣಿ ಯೋಜನೆ ಸೇರಿತು. ಗುಂಪಿನಲ್ಲಿ ಸುಮ್ಮನಿರುವ ಆ ಮೂರನೆಯವರಿಗೆ ಬರುವುದು ಈ ಇಪಿಎಸ್ ಪಿಂಚಣಿ. ಇದರ ಕನಿಷ್ಠ ಮೊತ್ತ 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾಯಿತು. ಇದಕ್ಕೆ ತುಟ್ಟಿಭತ್ಯೆ ಇಲ್ಲ. 1909ರ ಬೊಂಬಾಯಿ ಪಿಂಚಣಿ ಹೇಗೆ ನಿಂತಲ್ಲೇ ನಿಲ್ಲುತ್ತಿತ್ತೋ ಇದೂ ಹಾಗೆಯೇ. ಹಳೆ ಪಿಂಚಣಿ, ಹೊಸ ಪಿಂಚಣಿ ಎಂದು ನಾವು ಕಿತ್ತಾಡುವಾಗ ಇಪಿಎಸ್‌ನವರು ಆ ಮಾತಿನೊಳಗೇ ಇರುವುದಿಲ್ಲ.

ಸರ್ಕಾರಿ ನೌಕರರ ಕಡೆಗೆ ಬಂದರೆ, ಕೇಂದ್ರದಲ್ಲಿ 2004ರ ಜನವರಿ 1ರಿಂದ, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರು ಎನ್‌ಪಿಎಸ್‌ಗೆ ಬಂದರು. ಕೇಂದ್ರ ನೌಕರರ ವಿಷಯದಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10 ನೌಕರರದ್ದು, ಶೇ 14 ಸರ್ಕಾರದ್ದು. ಮೇಲಿನ ಲೆಕ್ಕ ನೆನಪಿದೆಯಲ್ಲ? ಶೇ 24ರಂತೆ 30 ವರ್ಷ ಕಟ್ಟಿದರೆ 7 ವರ್ಷ ಚಿಲ್ಲರೆಯ ಸಂಬಳ ಕೂಡುತ್ತದೆ. ಅದು ಅರ್ಧ ಸಂಬಳದ ಪಿಂಚಣಿಗೆ ಸುಮಾರು 14 ವರ್ಷ ಸಾಕು. 18 ವರ್ಷಕ್ಕೂ ಕುಟುಂಬ ಪಿಂಚಣಿಗೂ ಸಾಲಬೇಕಾದರೆ ಹೂಡಿದ ಹಣ ಸಂಬಳಕ್ಕಿಂತ ವೇಗವಾಗಿ ಬೆಳೆಯಬೇಕು. ಬೆಳೆಯಬಹುದು, ಬೆಳೆಯದೆಯೂ ಇರಬಹುದು. ಆ ಆತಂಕವನ್ನು ಮೇಷ್ಟ್ರ ಮಗಳು ಒಬ್ಬಳೇ ಹೊರಬೇಕು ಎನ್ನುವುದೇ ಎನ್‌ಪಿಎಸ್ ವಿರುದ್ಧದ ನಿಜವಾದ ದೂರು, ಮತ್ತು ಅದು ನ್ಯಾಯವಾದ ದೂರು. ಪಿಂಚಣಿ ಸರ್ಕಾರ ಹಾಕುವ ಭಿಕ್ಷೆಯಲ್ಲ, ಹಿಂದಿನ ದುಡಿಮೆಗೆ ಸಲ್ಲಬೇಕಾದದ್ದು ಎಂದು ಸುಪ್ರೀಂ ಕೋರ್ಟ್ 1982ರ ಡಿಸೆಂಬರ್ 17ರಂದು ನಕರಾ ಪ್ರಕರಣದಲ್ಲಿ ಹೇಳಿದೆ.

ಹಳೆ ಪಿಂಚಣಿಗೆ ಮರಳುವುದರಲ್ಲಿ ಬೇರೆಯೇ ಒಂದು ಮೋಸ ಅಡಗಿದೆ. 2022-23ರಲ್ಲಿ ರಾಜಸ್ಥಾನ, ಛತ್ತೀಸ್‌ಗಢ, ಜಾರ್ಖಂಡ್, ಪಂಜಾಬ್, ಹಿಮಾಚಲ ಪ್ರದೇಶಗಳು ಮರಳುವುದಾಗಿ ಘೋಷಿಸಿದವು. ಹೀಗೆ ಘೋಷಿಸಿದ ಕೂಡಲೇ ಸರ್ಕಾರಕ್ಕೆ ಖರ್ಚು ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ! ಪ್ರತಿ ತಿಂಗಳು ಕಟ್ಟುತ್ತಿದ್ದ ಪಾಲು ನಿಲ್ಲುತ್ತದಲ್ಲ. ಬಿಲ್ಲು ಬರುವುದು ಆ ನೌಕರರು ನಿವೃತ್ತರಾದಾಗ, ಅಂದರೆ ಮುಖ್ಯವಾಗಿ 2030ರ ದಶಕದ ನಂತರ. ಎಲ್ಲ ರಾಜ್ಯಗಳೂ ಮರಳಿದರೆ ಒಟ್ಟು ಹೊರೆ ಎನ್‌ಪಿಎಸ್‌ನ ನಾಲ್ಕೂವರೆ ಪಟ್ಟುವರೆಗೆ ಹೋಗಬಹುದು ಎಂದು ರಿಸರ್ವ್ ಬ್ಯಾಂಕಿನ 2023ರ ಸೆಪ್ಟೆಂಬರ್ ಸಂಚಿಕೆಯಲ್ಲಿ ಬಂದ ಅಧ್ಯಯನವೊಂದು ಅಂದಾಜಿಸಿದೆ. ಆ ಬಿಲ್ಲು ಕಟ್ಟುವವರು ಇವತ್ತು ಒಂದನೇ ಕ್ಲಾಸಿನಲ್ಲಿದ್ದಾರೆ, ಅವರಿಗೆ ಮತವಿಲ್ಲ.

2025ರ ಏಪ್ರಿಲ್‌ನಿಂದ ಕೇಂದ್ರ ನೌಕರರಿಗೆ ಸಿಕ್ಕಿರುವ ಯುಪಿಎಸ್ ಈ ಎರಡರ ನಡುವಿನ ದಾರಿ. ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಖಾತ್ರಿ, ನೌಕರರ ಪಾಲು ಶೇ 10, ಸರ್ಕಾರದ್ದು ಶೇ 18.5. ಪೂರ್ತಿ ಅರ್ಧ ಸಿಗಬೇಕಾದರೆ ಎಷ್ಟು ವರ್ಷ ಸೇವೆ ಬೇಕು ಗೊತ್ತೇ? ಅದೇ 25. ಅಷ್ಟೇ ಅಲ್ಲ, 25 ತುಂಬಿ ಸ್ವಯಂ ನಿವೃತ್ತಿ ಪಡೆದವರಿಗೂ ಹಣ ಶುರುವಾಗುವುದು ಅವರು ಸಹಜವಾಗಿ ನಿವೃತ್ತರಾಗಬೇಕಿದ್ದ ದಿನದಿಂದ. 24 ವರ್ಷಕ್ಕೆ ಬಿಟ್ಟು ಹೊರಟ 48ರ ಎಂಜಿನಿಯರಿಗೆ ಈ ನಿಯಮದಲ್ಲಿ ಪೂರ್ತಿ ಅರ್ಧ ಸಿಗುವುದಿಲ್ಲ.

ನಿವೃತ್ತಿ ವಯಸ್ಸು ಏರಿಸಿದರೆ ಮುಗಿಯಿತಲ್ಲ ಎನ್ನುವವರು ಎಂ.ವಿ.ಯನ್ನೇ ಉದಾಹರಣೆ ಕೊಡುತ್ತಾರೆ. ಕರ್ನಾಟಕದಲ್ಲಿ 2008ರಲ್ಲಿ ಅದು 58ರಿಂದ 60 ಆಯಿತು. ಎಂ.ವಿ. 74ರ ವಯಸ್ಸಿನ ಆಸುಪಾಸಿನಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದರು, 90 ದಾಟಿದ ಮೇಲೆ ಬಿಹಾರದಲ್ಲಿ ಗಂಗಾ ನದಿಯ ಸೇತುವೆಗೆ ಜಾಗ ನೋಡಲು ಹೋದರು. ಎಲ್ಲ ನಿಜ. ಆದರೆ ಅವರು ಮೇಜಿನ ಮೇಲೆ ನಕ್ಷೆ ಹರಡಿ ದುಡಿದವರು. ಗಿರಣಿಯಲ್ಲಿ ನಿಂತು ದುಡಿದ ಮಂಡಿಗೆ, ಬೀದಿ ಗುಡಿಸಿದ ಬೆನ್ನಿಗೆ ಅದೇ ಅಳತೆ ಹಿಡಿಯಲಾಗದು.

ಹಣದ ವಿಷಯದಲ್ಲಿ ಅವರದ್ದೊಂದು ನಡೆ ಮೇಣದಬತ್ತಿಗಿಂತ ಚೆನ್ನಾಗಿದೆ, ದಾಖಲೆಯೂ ಇದೆ. ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಎತ್ತಿ ನಿಲ್ಲಿಸಿದ್ದಕ್ಕೆ ಸಂಸ್ಥಾನದಿಂದ ಅವರಿಗೆ ದೊಡ್ಡ ಮೊತ್ತ ಬರಬೇಕಿತ್ತು. ಅದನ್ನು ಮನೆಗೆ ಒಯ್ಯದೆ, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಹಾಕಲು ಹೇಳಿದರು. ಅದಕ್ಕೆ ತಮ್ಮ ಹೆಸರನ್ನೂ ಇಡಿಸಲಿಲ್ಲ. 1943ರಲ್ಲಿ ಶುರುವಾದ ಅದು ಕೆ.ಆರ್. ಸರ್ಕಲ್ ಬಳಿಯ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. ರಾಜಾಜಿನಗರದ ಕಾರ್ಖಾನೆಗಳಲ್ಲಿ ದುಡಿದ ಎಷ್ಟೋ ಮಂದಿಯ ಡಿಪ್ಲೊಮಾ ಅಲ್ಲಿಯದೇ.

ಅವರು ತೀರಿಕೊಂಡ 1962ರಲ್ಲೇ, ಡಿಸೆಂಬರ್ 1ರಿಂದ, ಕೇಂದ್ರ ಸರ್ಕಾರ ನಿವೃತ್ತಿ ವಯಸ್ಸನ್ನು 55ರಿಂದ 58ಕ್ಕೆ ಏರಿಸಿತು. 1998ರಲ್ಲಿ ಅದು 60 ಆಯಿತು. ಈಗ ಪ್ರತಿ ನವೆಂಬರ್‌ನಲ್ಲಿ ನಮ್ಮ ಬ್ಯಾಂಕಿನ ಶಾಖೆಯ ಮುಂದೆ ಜೀವಿತ ಪ್ರಮಾಣಪತ್ರಕ್ಕೆ ಸಾಲು ನಿಲ್ಲುತ್ತದೆ. ನಾನಿನ್ನೂ ಇದ್ದೇನೆ ಎಂದು ಪಿಂಚಣಿದಾರರು ವರ್ಷಕ್ಕೊಮ್ಮೆ ಖಜಾನೆಗೆ ತಿಳಿಸುವ ಕಾಗದ ಅದು. ಮೊಬೈಲಿನಲ್ಲಿ ಮುಖ ತೋರಿಸಿಯೂ ಮುಗಿಸಬಹುದು ಎಂದು ಎಷ್ಟು ಹೇಳಿದರೂ ಮೇಷ್ಟ್ರು ಸಾಲಿನಲ್ಲೇ ನಿಲ್ಲುತ್ತಾರೆ. ಹೋದ ವರ್ಷ ಅವರ ಮುಂದಿದ್ದವರಿಗೆ 91 ವರ್ಷ. ಪೆನ್ನು ಮರೆತು ಬಂದಿದ್ದ ಮೇಷ್ಟ್ರಿಗೆ ಪೆನ್ನು ಕೊಟ್ಟವರು ಅವರೇ.